ಗಲ್ಲಾದ ಪಕ್ಕದ ಮೇಜು

ಅನ್ವಿತಾ, ನಿನ್ನನ್ನು ಹೋಟೆಲಿಗೆ ಬರಬೇಡ ಎಂದು ದೊಡ್ಡಪ್ಪ ಯಾವತ್ತೂ ಹೇಳಿರಲಿಲ್ಲ. ಆ ಮಾತು ಕಟ್ಟಿದ್ದು ನಾನು, ನಿನ್ನ ಅಮ್ಮ. ನೀನು ಹತ್ತನೇ ಕ್ಲಾಸಿಗೆ ಕಾಲಿಟ್ಟಾಗ ಕಟ್ಟಿದ್ದು. ಈಗ ಕಾಲೇಜಿಗೆ ಹೋಗುತ್ತಿದ್ದೀಯ, ಇನ್ನೂ ಅದನ್ನೇ ನಂಬಿಕೊಂಡಿದ್ದೀಯ.

ಆ ಮೇಜು ನಿನಗೆ ನೆನಪಿದೆಯೋ ಇಲ್ಲವೋ — ಇಲ್ಲ, ನೆನಪಿರದೆ ಎಲ್ಲಿಗೆ ಹೋದೀತು. ಶಾಲೆಯ ಬಸ್ಸು ನಿನ್ನನ್ನು ನೋಯ್ಡಾದ ನಮ್ಮ ಹೋಟೆಲಿನ ಎದುರೇ ಇಳಿಸುತ್ತಿತ್ತು. ಒಳಗೆ ಅಪ್ಪ ಅಡುಗೆಮನೆ ನೋಡಿಕೊಂಡರೆ, ಹೊರಗೆ ಗಲ್ಲಾದಲ್ಲಿ ಅಪ್ಪನ ಅಣ್ಣ, ನಿನ್ನ ದೊಡ್ಡಪ್ಪ. ಪಕ್ಕದ ಸಣ್ಣ ಮೇಜು ನಿನ್ನದು. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರೂ ಅಲ್ಲಿ ಯಾರನ್ನೂ ಕೂರಿಸಲು ಅವರು ಬಿಡುತ್ತಿರಲಿಲ್ಲ. ನೀನು ಬ್ಯಾಗು ಎಸೆದು ಮೊದಲು ಶಾಲೆಯ ಜಗಳಗಳನ್ನೆಲ್ಲ ಅವರ ಮುಂದೆ ಸುರಿಯುತ್ತಿದ್ದೆ — ಯಾವ ಗೆಳತಿ ಮಾತು ಬಿಟ್ಟಳು, ಯಾವ ಮೇಡಮ್ ಎಲ್ಲರೆದುರು ಬೈದರು. ಅದೆಲ್ಲ ಇಳಿದ ಮೇಲೆ ಗಣಿತ. ದೊಡ್ಡಪ್ಪನಿಗೆ ಕೂಡಿ ಕಳೆಯುವುದರಾಚೆಗೆ ಏನೂ ಗೊತ್ತಿಲ್ಲ. "ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಮಗಾ? ಇನ್ನೊಂದ್ಸಲ ಹೇಳು" ಎನ್ನುತ್ತ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದರು. ಅವರಿಗೆ ಅರ್ಥ ಮಾಡಿಸಲು ಹೋಗಿಯೇ ನಿನಗೆ ಅರ್ಥವಾಗುತ್ತಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ನನಗೆ ಕಂಡದ್ದು ಹರಟೆ, ಮತ್ತು ಯೂನಿಫಾರ್ಮಿಗೆ ಹತ್ತಿದ ಒಗ್ಗರಣೆಯ ವಾಸನೆ.

ಒಂದು ದಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟಿನಲ್ಲಿ ಮೇಲಿನ ಮಹಡಿಯವರೊಬ್ಬರು ನಗುತ್ತ ಕೇಳಿದರು, ಬೋರ್ಡ್ ಪರೀಕ್ಷೆ ಎದುರಿಗಿಟ್ಟುಕೊಂಡು ಮಗಳನ್ನು ಹೋಟೆಲಿನಲ್ಲಿ ಕೂರಿಸಿದ್ದೀರಾ ಎಂದು. ಸುಮ್ಮನೆ ಕೇಳಿರಬಹುದು. ನನಗೆ ಮಾತ್ರ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಇಡ್ಲಿ ಮಾರಿದ ದುಡ್ಡಿನಲ್ಲೇ ಕೊಂಡ ಫ್ಲ್ಯಾಟು ಅದು, ಅಲ್ಲೇ ನಿಂತು ನನಗೆ ಆ ಹೋಟೆಲಿನ ಬಗ್ಗೆ —

ಬರಬೇಡ ಎಂದು ನಾನೇ ಹೇಳಿದ್ದರೆ ನೀನು ಕೇಳುತ್ತಿರಲಿಲ್ಲ. ರಂಪ ಮಾಡುತ್ತಿದ್ದೆ. ಅದಕ್ಕೇ, "ದೊಡ್ಡಪ್ಪನೇ ಹೇಳಿದ್ರು. ನೀನು ಅಲ್ಲಿ ಕೂತ್ರೆ ವ್ಯಾಪಾರಕ್ಕೆ ತೊಂದ್ರೆ ಆಗ್ತದಂತೆ. ಇನ್ಮೇಲೆ ಬರೋದು ಬೇಡ ಅಂದ್ರು" ಎಂದೆ.

"ದೊಡ್ಡಪ್ಪ ಐಸಾ ಬೋಲೇ? ಸಚ್ ಮೇ?" ದೊಡ್ಡಪ್ಪ ಹಾಗಂದದ್ದು ನಿಜವಾ ಎಂದು ನೀನು ಕೇಳಿದೆ.

"ಹೌದು" ಎಂದೆ. ನೀನು ಜಗಳ ಮಾಡಲಿಲ್ಲ. ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ನನಗೆ ಆಗ ಸಮಾಧಾನವೇ ಆಯಿತು.

ದೊಡ್ಡಪ್ಪನಿಗೆ ಬೇರೆ ಸುಳ್ಳು. "ಅವಳಿಗೆ ಹೋಟ್ಲಲ್ಲಿ ಕೂರ್ಲಿಕ್ಕೆ ನಾಚಿಕೆಯಂತೆ ಭಾವ, ಫ್ರೆಂಡ್ಸ್ ನೋಡ್ತಾರಂತೆ. ಕೇಳ್ಲಿಕ್ಕೆ ಹೋಗ್ಬೇಡಿ, ಮನಸ್ಸಿಗೆ ಹಚ್ಕೊಳ್ತಾಳೆ." ಅಪ್ಪನಿಗೂ ಅದನ್ನೇ ಹೇಳಿದೆ. ಇಬ್ಬರೂ ಪಾಪದವರು, ನಂಬಿದರು. ನಾಚಿಕೆ ನನ್ನದು, ಅದನ್ನು ನಿನ್ನ ತಲೆಗೆ ಕಟ್ಟಿದೆ.

ನಿನ್ನ ಕೋಣೆಗೆ ಹೊಸ ಮೇಜು ಬಂತು, ಟ್ಯೂಷನ್ ಮೇಷ್ಟ್ರು ಬಂದರು. ಮನೆಯಲ್ಲಿ ಪಿಟ್ಟೆನ್ನದ ಮೌನ. ನೀನು ಹೊಟ್ಟೆನೋವು ಎನ್ನತೊಡಗಿದೆ, ಪರೀಕ್ಷೆಯ ಬೆಳಿಗ್ಗೆ ವಾಂತಿ. ಡಾಕ್ಟರು ಏನೂ ಇಲ್ಲ ಎಂದರು. ನಾನು ನಾಟಕ ಎಂದೆ. ಬೋರ್ಡಿಗೆ ಮುಂಚಿನ ಪ್ರಿ-ಬೋರ್ಡ್ ಪರೀಕ್ಷೆಯಲ್ಲಿ ನೀನು ಫೇಲಾದೆ, ಅದೂ ಗಣಿತದಲ್ಲಿ. ಕ್ಲಾಸ್ ಟೀಚರು ನನ್ನನ್ನು ಕರೆಸಿ ಮೆಲ್ಲಗೆ ಕೇಳಿದರು — ಮನೆಯಲ್ಲಿ ಹತ್ತಿರದವರು ಯಾರಾದರೂ ತೀರಿಕೊಂಡರೇ? ಮಗುವನ್ನು ನೋಡಿದರೆ ಹಾಗನ್ನಿಸುತ್ತದೆ.

"ನಹೀ ಮ್ಯಾಮ್, ಸಬ್ ಠೀಕ್ ಹೈ" ಎಂದೆ, ಎಲ್ಲ ಸರಿಯಾಗಿದೆ ಎಂದೆ.

ಗೊತ್ತಾಗದೆ ಹೇಳಿದ್ದಲ್ಲ ಅನ್ವಿತಾ. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನನಗೆ ಎಲ್ಲವೂ ಗೊತ್ತಾಯಿತು — ನಿನ್ನಿಂದ ನಾನು ಏನನ್ನು ಕಿತ್ತುಕೊಂಡಿದ್ದೇನೆ ಎಂದು. ಆದರೂ ಮನೆಗೆ ಬಂದು ಮಾಡಿದ್ದೇನು? ಇನ್ನೊಬ್ಬ ಟ್ಯೂಷನ್ ಮೇಷ್ಟ್ರನ್ನು ಹುಡುಕಿದೆ.

ನೀನು ಹೇಗೋ ಪಾಸಾದೆ, ಹನ್ನೊಂದರಲ್ಲಿ ಗಣಿತ ಬಿಟ್ಟೆ. ಅವಳಿಗೆ ಮೊದಲಿಂದಲೂ ಇತಿಹಾಸವೇ ಇಷ್ಟ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಇನ್ನೂ ಒಂದಿದೆ. ಗೋಳಿಬಜೆ. ನಮ್ಮ ಹೋಟೆಲಿನ ಮೆನುವಿನಲ್ಲಿ ಅದಿಲ್ಲ, ದೊಡ್ಡಪ್ಪ ನಿನಗೊಬ್ಬಳಿಗೇ ಮಾಡಿಸುತ್ತಿದ್ದದ್ದು. ನೀನು ಹೋಗುವುದು ನಿಂತ ಮೇಲೂ ಶನಿವಾರ ಬಂತೆಂದರೆ ಡಬ್ಬಿಯಲ್ಲಿ ಹಾಕಿ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದರು. ಯಾರು ಕಳಿಸಿದ್ದು ಎಂದು ನೀನು ಒಮ್ಮೆ ಕೇಳಿದೆ. "ಅಪ್ಪ ತಂದದ್ದು" ಎಂದೆ. ತಂದದ್ದು ಅಪ್ಪನೇ ಹೌದಲ್ಲ. ಅಷ್ಟು ಹೊತ್ತಿಗೆ ಇಂಥ ಅರ್ಧ ನಿಜಗಳಲ್ಲಿ ನಾನು ಚೆನ್ನಾಗಿ ಪಳಗಿದ್ದೆ.

ಮೊನ್ನೆ ದೊಡ್ಡಪ್ಪ ಮನೆಗೆ ಬಂದಾಗ ನೀನು ನಮಸ್ತೆ ಹೇಳಿ, ನೀರು ಕೊಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಆ ಬಾಗಿಲನ್ನೇ ನೋಡುತ್ತ ಕೂತಿದ್ದರು. ಹೊರಡುವಾಗ ಲಿಫ್ಟಿನ ಬಳಿ ನಿಂತು ಕೇಳಿದರು, "ಮಗುವಿಗೆ ಈಗ್ಲೂ ನಮ್ಮ ಹೋಟ್ಲು ಅಂದ್ರೆ ನಾಚಿಕೆಯಾ ಮಾರಾಯ್ತಿ?"

ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ, ಅಲ್ಲೇ, ನಿಂತಲ್ಲೇ. ಬೈಯುತ್ತಾರೆ ಎಂದುಕೊಂಡಿದ್ದೆ — ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೇಳಿದ್ದು ಒಂದೇ.

"ಹಾಗಾದ್ರೆ ಅವಳಿಗೆ ನಾಚಿಕೆ ಆಗಿರ್ಲೇ ಇಲ್ವಾ?"

ಇಲ್ಲ ಎಂದೆ. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡಿತು. ಅವರು ಹತ್ತಲಿಲ್ಲ. ಆಮೇಲೆ ನನ್ನ ಮುಖ ನೋಡದೆ, "ಅವಳಿಗೆ ನೀನೇ ಹೇಳು" ಎಂದು ಮೆಟ್ಟಿಲಿಳಿದು ಹೋದರು.

ಎದುರು ಕೂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಬರೆದು ಹೊಡೆದುಹಾಕಿದೆ, ಅದೂ ಸುಳ್ಳೇ. ಕ್ಷಮಿಸು ಎಂದು ಕೇಳುವುದಿಲ್ಲ. ಅಮ್ಮ ಕೇಳಿದಳಲ್ಲ ಎಂದು ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಬೇಡ. ಇವತ್ತು ಶನಿವಾರ. ಡಬ್ಬಿ ನಿನ್ನ ಮೇಜಿನ ಮೇಲಿದೆ, ಗೋಳಿಬಜೆ ಇನ್ನೂ ಬೆಚ್ಚಗಿದೆ. ತಂದದ್ದು ಅಪ್ಪ. ಕಳಿಸಿದ್ದು ದೊಡ್ಡಪ್ಪ — ಆಗಲೂ, ಈಗಲೂ.