ಮಾತ್ರೆಯ ಹಿಂದಿನ ಗುಟುಕು

ಮಾತು ಕಲಿತಾಗಿನಿಂದ ‘ಯಾಕೆ, ಯಾಕೆ’ ಎಂದು ಮನೆಮಂದಿಯ ತಲೆ ತಿಂದವಳು ಅವಳು. ಯಾಕಮ್ಮ ಎಂದು ಅಜ್ಜಿ ಇಟ್ಟ ಅಡ್ಡಹೆಸರು ಆಸ್ಪತ್ರೆಯವರೆಗೂ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಕೆಳಗಿನ ಮಹಡಿಯಲ್ಲಿ ಎಚ್‌ಐವಿ ರೋಗಿಗಳನ್ನು ನೋಡುವ ವೈದ್ಯೆ. ಮಧ್ಯಾಹ್ನದ ಮೇಲೆ ಮೇಲಿನ ಮಹಡಿಯಲ್ಲಿ ಅದೇ ರೋಗಿಗಳ ರಕ್ತದಲ್ಲಿ ವೈರಸ್ಸಿನ ಜಾಡು ಹಿಡಿಯುವ ಸಂಶೋಧಕಿ. “ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರಲ್ಲ ಕಣಮ್ಮ,” ಎಂದು ವಿಭಾಗದ ಮುಖ್ಯಸ್ಥರು ಆಗಾಗ ಚುಚ್ಚುತ್ತಿದ್ದರು. ಅವಳಿಗೋ ಎರಡೂ ಒಂದೇ ದೋಣಿ. ಕೆಳಗೆ ಹುಟ್ಟಿದ ಪ್ರಶ್ನೆಗೆ ಮೇಲೆ ಉತ್ತರ ಸಿಗುವ ತನಕ ಊಟ ರುಚಿಸುತ್ತಿರಲಿಲ್ಲ.

ಆ ವರ್ಷ ಅವಳ ಊಟ ಕೆಡಿಸಿದ್ದು ಒಬ್ಬ ದರ್ಜಿ ಹೆಂಗಸು. ದಿನಕ್ಕೊಂದು ಮಾತ್ರೆಗೆ ವರ್ಷಗಟ್ಟಲೆ ಬಾಲ ಮುದುರಿಕೊಂಡಿದ್ದ ವೈರಸ್ಸು ಇದ್ದಕ್ಕಿದ್ದಂತೆ ತಲೆಯೆತ್ತಿತ್ತು. ಔಷಧಿಗೆ ಬಗ್ಗದ ಹಾಗೆ ವೈರಸ್ಸು ಬದಲಾಗಿದೆಯೇ ಎಂದು ಯಾಕಮ್ಮ ಪರೀಕ್ಷಿಸಿದಳು, ಇಲ್ಲ. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ನೋಡಿದಳು, ಇದ್ದೂ ಇಲ್ಲದಷ್ಟು.

“ಇನ್ನೇನು ಬೇಕು? ಮಾತ್ರೆ ಕಸದ ಬುಟ್ಟಿಗೆ ಹೋಗ್ತಿದೆ,” ಎಂದರು ಮುಖ್ಯಸ್ಥರು. “ಮುಂದಿನ ವಾರ ಬೇರೆ ಔಷಧಿಗೆ ಹಾಕಿ. ಮಾತ್ರೆನೂ ಜಾಸ್ತಿ, ಕಾಟನೂ ಜಾಸ್ತಿ. ಆಗ ಬುದ್ಧಿ ಬರುತ್ತೆ.”

ದರ್ಜಿ ಕಣ್ಣೀರಿಟ್ಟಳು. “ನಮ್ಮಕ್ಕನ ಆಣೆ ಡಾಕ್ಟ್ರೇ, ಒಂದ್ ದಿನಾನೂ ತಪ್ಪಿಸಿಲ್ಲ. ಅಕ್ಕ ಎದುರಿಗೇ ನಿಂತು ನುಂಗಿಸ್ತಾಳೆ. ಕಾಯಿಲೆ ಗೊತ್ತಾದಾಗ ಎಲ್ಲರೂ ದೂರ ಸರಿದ್ರು, ಅವಳೊಬ್ಬಳೇ ನನ್ನ ಪಕ್ಕ ಕೂತು ಉಂಡಿದ್ದು.”

ಸುಳ್ಳು ಹೇಳುವವರನ್ನು ಯಾಕಮ್ಮ ಬೇಕಾದಷ್ಟು ಕಂಡಿದ್ದಳು. ಇವಳು ಆ ಪೈಕಿ ಅಲ್ಲ. ಹಾಗಾದರೆ ನುಂಗಿದ ಮಾತ್ರೆ ರಕ್ತಕ್ಕೆ ಬರುತ್ತಿಲ್ಲವೇಕೆ? ಕುತೂಹಲ ತಡೆಯಲಾರದೆ, ಇಷ್ಟು ವರ್ಷ ಯಾರನ್ನೂ ಕೇಳದಿದ್ದುದನ್ನು ಕೇಳಿದಳು: “ಹೇಗೆ ನುಂಗ್ತೀರಿ? ನಾಳೆ ಮಾತ್ರೆ ಹೊತ್ತಿಗೆ ಇಲ್ಲೇ ಬನ್ನಿ. ಮನೇಲಿ ಮಾಡೋ ಹಾಗೇ ಮಾಡಿ ತೋರ್ಸಿ.”

ಮರುದಿನ ದರ್ಜಿ ಬರಿಹೊಟ್ಟೆಯಲ್ಲಿ ಬಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅದರಲ್ಲೇನೂ ತಪ್ಪಿಲ್ಲ. ಯಾಕಮ್ಮನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ದರ್ಜಿ ಚೀಲದಿಂದ ಗುಲಾಬಿ ಬಣ್ಣದ ಬಾಟಲಿ ತೆಗೆದು, ಮುಚ್ಚಳದ ತುಂಬ ಬಗ್ಗಿಸಿ ಒಂದೇ ಗುಟುಕಿಗೆ ಕುಡಿದಳು.

“ಇದೇನು?”

“ಇದಾ? ಎದೆಯುರೀದು. ಈ ವರ್ಷ ಉರಿ ಜಾಸ್ತಿಯಾಯ್ತು. ಮಾತ್ರೆ ಉಷ್ಣ ಅಂತ ಅಕ್ಕ ಅಂಗಡಿಯಿಂದ ತಂದಳು, ಹಿಂದೇನೇ ಒಂದು ಗುಟುಕು ಕೊಡ್ತಾಳೆ. ಔಷಧಿ ಏನೇನು ತಗೋತೀರಿ ಅಂದಾಗ ಇದನ್ನೆಲ್ಲ ಹೇಳ್ತಾರಾ?”

ಯಾಕಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಆ ಗುಟುಕಿನಲ್ಲಿದ್ದ ಅಲ್ಯೂಮಿನಿಯಂ, ಮೆಗ್ನೀಸಿಯಂನಂಥ ಲೋಹದ ಅಂಶ ಮಾತ್ರೆಯನ್ನು ಹೊಟ್ಟೆಯಲ್ಲೇ ತಬ್ಬಿ ಹಿಡಿದು, ರಕ್ತಕ್ಕೆ ಬಿಡುತ್ತಿರಲಿಲ್ಲ. ವೈದ್ಯರೆಲ್ಲ ಓದಿ ಪಾಸಾದ ವಿಷಯವೇ. ಖುಷಿಗೂ ನಾಚಿಕೆಗೂ ಒಟ್ಟಿಗೇ ಅವಳ ಕಿವಿ ಬಿಸಿಯಾಯಿತು. ಮಾತ್ರೆ ಬೆಳಿಗ್ಗೆಗೇ ಉಳಿಯಿತು, ಗುಟುಕು ರಾತ್ರಿಗೆ ಹೋಯಿತು. ಬೇರೆ ಔಷಧಿಯ ಮಾತನ್ನು ಮುಖ್ಯಸ್ಥರು ಮತ್ತೆ ಎತ್ತಲಿಲ್ಲ.

ಕೆಲವು ತಿಂಗಳಲ್ಲಿ ವೈರಸ್ಸು ಹುಡುಕಿದರೂ ಸಿಗದಂತಾಯಿತು. ಫಲಿತಾಂಶ ಕೇಳಲು ಅಕ್ಕನೂ ಬಂದಿದ್ದಳು. ಸೆರಗಿನ ತುದಿ ಹಿಂಡುತ್ತ ಮೆಲ್ಲಗೆ ಕೇಳಿದಳು: “ಯಾಕೆ ಹಾಗಾಗಿತ್ತು ಡಾಕ್ಟ್ರೇ? ನಾನು ಕೊಟ್ಟಿದ್ರಿಂದಲಾ?”

ಅಕ್ಕನ ಬೆನ್ನ ಹಿಂದಿನಿಂದ ದರ್ಜಿ, ಹೇಳಬೇಡಿ ಎಂದು ತಲೆಯಾಡಿಸಿದಳು. ಆದರೆ ಯಾಕೆ ಎಂದವರಿಗೆ ಸುಳ್ಳು ಹೇಳುವುದು ಯಾಕಮ್ಮನಿಂದಾಗದ ಕೆಲಸ.

“ಆ ಬಾಟ್ಲಿ ಮಾತ್ರೇನ ತಡೀತಿತ್ತು, ನಿಜ,” ಎಂದಳು. “ಅದನ್ನ ಕೇಳಿ ತಿಳ್ಕೋಬೇಕಾಗಿದ್ದವರು ನಾವು. ನುಂಗಿದ್ರಾ ಅಂತ ಎಲ್ಲರೂ ಕೇಳಿದ್ವಿ, ಹೇಗೆ ನುಂಗಿದ್ರಿ ಅಂತ ಯಾರೂ ಕೇಳ್ಲಿಲ್ಲ. ನೀವು ಎದುರಿಗೆ ನಿಂತು ನುಂಗಿಸ್ತೀರಿ ಅಂದ್ರಲ್ಲ ಇವರು, ಅದಕ್ಕೇ ನಾನು ನಂಬಿದ್ದು. ಇಲ್ಲದಿದ್ರೆ ಇವರನ್ನ ಸುಳ್ಳಿ ಅಂತ ಬರೆದು ಮುಗಿಸ್ತಿದ್ವಿ.”

ಅಕ್ಕ ಬಹಳ ಹೊತ್ತು ಅತ್ತಳು. ಆಮೇಲೆ ಮೂಗೊರಸಿಕೊಂಡು ಕೇಳಿದಳು:

“ರಾತ್ರಿ ಗುಟುಕು ನಾನೇ ಕೊಡಬಹುದಾ?”