ಬಸ್ಸಿನಲ್ಲಿ ಬಂದ ಟಿವಿ ಮೇಜರ್

ಟಿವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ನಾನು ಸೈನಿಕ ಶಾಲೆ ನಡೆಸುವ ಗಡಸು ಮೇಜರ್. ಅವತ್ತು ಶೂಟಿಂಗಿಗೆ ಹೋಗುವಾಗ ಕಾರು ಕೆಟ್ಟು, ಬ್ರಹ್ಮಾವರದಲ್ಲಿ ಮೇಜರ್ ವೇಷದಲ್ಲೇ ಬೈಂದೂರಿನ ಬಸ್ಸು ಹತ್ತಿದ್ದೆ. ಕುಂದಾಪುರದಲ್ಲಿ ಇನ್ನೊಂದು ಬಸ್ಸು ಅಡ್ಡ ಬಂದು ನಿಂತಿತು. ಯಾರ ಟೈಮಿಂಗ್ ಮೊದಲು ಎಂದು ಡ್ರೈವರುಗಳಿಬ್ಬರೂ ಕೆಳಗಿಳಿದು ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡರು.

“ಹ್ವಾಯ್ ಸಾಹೇಬ್ರೆ, ನೀವಾರೂ ಹೇಳಿ ಕಾಂಬ!” ಎಂದು ಪಕ್ಕದ ಸೀಟಿನ ಹೆಂಗಸು ನನ್ನನ್ನು ಎಬ್ಬಿಸಿಯೇ ಬಿಟ್ಟಳು. ಕೆಳಗಿಳಿದು “ಅಟೆನ್ಷನ್!” ಎಂದು ಕಿರುಚಿದೆ. ಇಬ್ಬರೂ ಕೈಬಿಟ್ಟು ತಂತಮ್ಮ ಬಸ್ಸು ಹತ್ತಿದರು!

ಇದು ಹೇಗಾಯಿತೆಂದು ದಾರಿಯುದ್ದಕ್ಕೂ ತಲೆ ಕೊರೆಯಿತು. ಬೈಂದೂರಿನಲ್ಲಿ ಇಳಿಯುವಾಗ ತಡೆಯಲಾರದೆ ಡ್ರೈವರನ್ನೇ ಕೇಳಿದೆ: “ನಿಜವಾದ ಮೇಜರ್ ಅಂದುಕೊಂಡಿರಾ?”

“ಎಂತದ್ ಮರಾಯ್ರೆ, ದಿನಾ ನಿಮ್ಮನ್ ಟಿವಿಯಂಗೆ ಕಾಂಬುದಲ್ದಾ? ಹೊಡ್ಕಂಬುಕೆ ಇಬ್ರಿಗೂ ಮನ್ಸಿರ್ಲಿಲ್ಲೆ. ಆದ್ರೆ ಮೊದ್ಲ್ ಕೈ ಬಿಡೂದ್ ಯಾರ್?”

ಧಾರಾವಾಹಿಯ ಕೆಡೆಟ್‌ಗಳು ಮಾತ್ರ ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ. ಕೇಳಿದರೆ ಕಾಮಿಡಿ ಆಗುವುದಿಲ್ಲವಂತೆ.