ಗಂಗಾಂಬಿಕಾ ಟೀಚರ ಅಂಗಳದ ಇಂಗ್ಲಿಷು

ಬನವಾಸಿ ದಾರಿಯ ಆ ಓಣಿಯವರು ಗಂಗಾಂಬಿಕಾ ಟೀಚರ ಬಗ್ಗೆ ಒಂದು ಮಾತಾಡಿಕೊಳ್ಳುತ್ತಿದ್ದರು: "ಉಳಿದವ್ರು ಅಂಗಳದಾಗ ಹಪ್ಪಳಾ ಒಣಗಿಸ್ತಾರ, ಈಕಿ ಇಂಗ್ಲಿಷ್ ಒಣಗಿಸ್ತಾಳ." ಎದುರುಮನೆಯ ಗುರುಶಾಂತವ್ವ ಅದಕ್ಕೊಂದು ಬಾಲ ಸೇರಿಸುತ್ತಿದ್ದಳು: "ಕಾಗಿ ಕಚ್ಕೊಂಡು ಹೋಗಂಗಿಲ್ಲ, ಅದೊಂದು ಪುಣ್ಯ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶಿರಸಿಯಲ್ಲಿ ಓದಿ ಬೆಳೆದ ಟೀಚರು ಗಂಡ ತೀರಿಕೊಂಡ ಮೇಲೆ ಅಂದಾನಪ್ಪನ ಮನೆಯ ಪಕ್ಕದ ಖೋಲಿ ಬಾಡಿಗೆ ಹಿಡಿದು, ಅವನ ಅಂಗಳದಲ್ಲೇ ಟ್ಯೂಷನ್ ಹೇಳುತ್ತಿದ್ದರು. ಕ್ರಿಯಾಪದವನ್ನು ಮಾಡಿಯೇ ಕಲಿಯಬೇಕು, ಬಾಯಿಪಾಠ ಕೂಡದು ಎಂಬುದು ಅವರ ಹಟ. ಸ್ಕ್ಯಾಟರ್ ಕಲಿಯಬೇಕಾದರೆ ಕೋಳಿಗೆ ನುಚ್ಚು ಎರಚಬೇಕು. ಸ್ಟ್ರೆಚ್ ಬೇಕಾದರೆ ಬಟ್ಟೆ ಒಣಹಾಕುವ ಹಗ್ಗ ಜಗ್ಗಿ ಕಟ್ಟಬೇಕು. ಸ್ಪ್ರಾಲ್ ಎಂಬುದಕ್ಕೆ ಮಾತ್ರ ಬಹಳ ದಿನ ಏನೂ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಅಂದಾನಪ್ಪ ಉಂಡು, ಕಟ್ಟೆಯ ಮೇಲೆ ಕೈ ಅತ್ತ ಕಾಲು ಇತ್ತ ಚೆಲ್ಲಿ ಮಲಗಿದ್ದ. ಮೊಮ್ಮಗಳು ಅನುಶ್ರೀ ಬೆರಳು ತೋರಿಸಿದಳು.

"ಟೀಚರ್, ನಮ್ಮಜ್ಜ ಸ್ಪ್ರಾಲ್ ಆಗ್ಯಾನ್ರಿ."

ಅಂದಾನಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ: "ಏನಂದ್ಲು ಆಕಿ?"

"ಅಜ್ಜ ಆರಾಮ ಅದಾನ ಅಂದ್ಲ್ರಿ," ಎಂದರು ಟೀಚರು.

ಅಂಗಳವೇ ಅವರ ಬದುಕು. ಖೋಲಿಯೊಳಗೆ ನಾಲ್ಕು ಮಕ್ಕಳು ಕೂತರೆ ಐದನೆಯದು ಒಲೆಯ ಮೇಲೆ ಕೂರಬೇಕು. ಅಂಗಳ ಹೋದರೆ ಪಾಠ ಹೋಯಿತು. ಪಾಠ ಹೋದರೆ ಶಿರಸಿಯ ಅಣ್ಣನ ಮನೆಗೆ ಮರಳಿ, ಅತ್ತಿಗೆ ಹೇಳಿದಷ್ಟು ದಪ್ಪಕ್ಕೆ ತರಕಾರಿ ಹೆಚ್ಚಿಕೊಂಡಿರಬೇಕು. ಅದೊಂದು ಮಾತ್ರ ಅವರಿಗೆ ಬೇಡವಾಗಿತ್ತು.

ಬಿತ್ತನೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅಂದಾನಪ್ಪನ ಹೆಂಡತಿ ಕಲ್ಲವ್ವ ಬಿಸಿಲಿಗೆ ಹಾಕಲೆಂದು ತಾಡಪತ್ರಿಯ ಮೇಲೆ ಬೀಜದ ಭತ್ತವನ್ನು ಎರಡು ಗುಡ್ಡೆಯಾಗಿ ಸುರಿದು ನೀರಿಗೆ ಹೋದಳು. ಟೀಚರಿಗೆ ಅಂದಿನ ಪಾಠವೇ ಎದುರು ಬಂದು ಕೂತಂತಾಯಿತು. "ಸ್ಪ್ರೆಡ್" ಎಂದರು. ಮಕ್ಕಳು ಬಿಟ್ಟಾವೇ? ಕಾಲಲ್ಲಿ ಸಾಲು ಎಳೆದು, ಕೈಯಲ್ಲಿ ಸವರಿ, ಎರಡು ಗುಡ್ಡೆಯನ್ನೂ ಒಂದು ಮಾಡಿ ಚಂದವಾಗಿ ಹರವಿದವು.

ಕೊಡ ಇಳಿಸಿದ ಕಲ್ಲವ್ವ ಅಲ್ಲೇ ನಿಂತುಬಿಟ್ಟಳು.

"ಟೀಚರ್, ಒಂದು ಲಗೂ ಬರೂ ಭತ್ತ, ದಿಬ್ಬದ ಗದ್ದಿಗೆ. ಇನ್ನೊಂದು ತಡಾ ಬರೂದು, ತಗ್ಗಿಗೆ. ಇದನ್ನ ಬಿತ್ತಿದ್ರ ಅರ್ಧ ಕೊಯ್ಲಿಗೆ ಬಂದಾಗ ಅರ್ಧ ಇನ್ನಾ ಹಸರ ಇರ್ತೈತಿ."

"ಭತ್ತ ಅಂದ್ರ ಎಲ್ಲಾ ಒಂದಾ ಅಂದ್ಕೊಂಡಿದ್ದೆ, ಕಲ್ಲವ್ವ. ತಪ್ಪಾತು."

"ಇಂಗ್ಲಿಷ್‌ನಾಗ ಒಂದಾ ಇರಬಹುದ್ರಿ."

ಅಂದಾನಪ್ಪ ಹೊರಬಂದು ನೋಡಿದ. ಜೋರು ಮಾಡಲಿಲ್ಲ. "ನಾಳಿಂದ ಅಂಗಳದಾಗ ಪಾಠ ಬ್ಯಾಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದ.

ಬೀಜ ಕೆಟ್ಟರೆ ಉಣ್ಣುವ ಭತ್ತ ಅಳೆದುಕೊಟ್ಟು ಬಿತ್ತುವ ಭತ್ತ ತರುವುದು ಆ ಕಡೆಯ ರೂಢಿ. ಕೆಡಿಸಿದವರೇ ಹೋಗಿ ಕೇಳಬೇಕು. ಬೆರಕೆ ಭತ್ತದ ಚೀಲಗಳನ್ನು ಆಟೋದಲ್ಲಿ ಹಾಕಿಕೊಂಡು ಟೀಚರು ಊರಾಚೆಯ ಸದಾಶಿವನ ಅಕ್ಕಿ ಗಿರಣಿಗೆ ಹೋದರು. ಅವನ ಮಗಳೂ ಅವರ ಬಳಿಯೇ ಕಲಿಯುತ್ತಿದ್ದಳು. ಸದಾಶಿವ ಒಂದು ಹಿಡಿ ಎತ್ತಿ ನೋಡಿ ನಕ್ಕ.

"ಅನ್ನ ಆದ ಮ್ಯಾಲೆ ಯಾವ್ದು ಮೊದ್ಲು ಬಂತು ಅಂತ ಹೊಟ್ಟಿ ಕೇಳಂಗಿಲ್ರಿ. ಬೀಜ ನಾ ಕೊಡ್ತೀನಿ. ಪಾಠ ಎಲ್ಲಿ ಮಾಡ್ತೀರಿ ಇನ್ನ?"

ಟೀಚರ ಕಣ್ಣು ಗಿರಣಿಯ ಪಕ್ಕದ ಖಾಲಿ ಕಣದ ಮೇಲೆ ಹೋಯಿತು.

"ಈ ಹಳೇ ಕಣ ಖಾಲಿ ಬಿದ್ದೈತಿ. ಬಾಜೂಕ ಖೋಲಿನೂ ಐತಿ, ಬಂದು ಇರ್ರಿ. ಆದ್ರ ನಾವು ಬೀಜ ಒಣಗಿಸೂ ದಿನಾ ಪಾಠಕ್ಕ ಸೂಟಿ."

ಬೀಜ ಮನೆಗೆ ಬಂದ ದಿನ ಕಲ್ಲವ್ವ ಗಂಡನಿಗೆ ಕೇಳುವಂತೆಯೇ ಅಂದಳು: "ಬದಲಿ ಬಂತಲ್ಲ. ಟೀಚರ್ ಇಲ್ಲೇ ಇರ್ಲಿ ಬಿಡ್ರಿ." ಅಂದಾನಪ್ಪ ಹೆಗಲ ಮೇಲಿನ ಟವೆಲು ಕೊಡವಿದ. "ಇರ್ಲಿ, ಖೋಲಿ ಯಾರು ಬ್ಯಾಡ ಅಂದ್ರು? ಅಂಗಳ ಮಾತ್ರ ಬ್ಯಾಡ." ಅಂಗಳವಿಲ್ಲದ ಖೋಲಿ ಟೀಚರಿಗೆ ಯಾಕೆ ಬೇಕು? ಆ ಸಂಜೆಯೇ ಪಾತ್ರೆ ಕಟ್ಟಿದರು.

ಹೊರಡುವ ಬೆಳಿಗ್ಗೆ ಕಲ್ಲವ್ವ ರೊಟ್ಟಿಬುತ್ತಿ ಕೊಟ್ಟಳು. ಗುರುಶಾಂತವ್ವ ಬಾಗಿಲಲ್ಲೇ ನಿಂತು ನೋಡಿದಳು. ಅಂದಾನಪ್ಪ ಕೀಲಿಕೈ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅನುಶ್ರೀ ಎಷ್ಟು ಹೊತ್ತಿಗೆ ಬರಬೇಕ್ರಿ?"

"ಸಾಲಿ ಬಿಟ್ಟ ಮ್ಯಾಲೆ. ರಸ್ತಿ ದಾಟಬೇಕು, ನೀವಾ ಕರ್ಕೊಂಡು ಬರ್ರಿ."

"ಬರ್ತೀನಿ," ಎಂದವನು ಟ್ರಂಕಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಟೀಚರು ಎತ್ತಿಕೊಂಡರು. ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿ, "ಸಾವಕಾಶ, ಎಡಗಡೆ ಮೆಟ್ಲ ಐತಿ," ಎಂದು ಮನೆಯ ಯಜಮಾನನಿಗೇ ದಾರಿ ಹೇಳುತ್ತ ಬೀದಿಗಿಳಿದರು.